ದ್ರಾಸ್‌ನ ಕಾರ್ಗಿಲ್ ಯುದ್ಧ ಸ್ಮಾರಕ: ಅರ್ಧ ಗಂಟೆಗೆ ಮುಗಿಸುವ ಜಾಗವಲ್ಲ

ಶ್ರೀನಗರದಿಂದ ಲೇಹ್‌ಗೆ ಹೋಗುವ ಹೆದ್ದಾರಿಯಲ್ಲಿ, ದ್ರಾಸ್ ಪಟ್ಟಣದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ತೋಲೋಲಿಂಗ್ ಬೆಟ್ಟದ ಬುಡದಲ್ಲೇ ಭಾರತೀಯ ಸೇನೆ ಕಟ್ಟಿದ ಈ ಸ್ಮಾರಕವಿದೆ. ಇಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು, ಕರ್ತವ್ಯದಲ್ಲಿದ್ದ ಯೋಧರೊಬ್ಬರು ನಮ್ಮನ್ನೆಲ್ಲ ಬಯಲಿನಲ್ಲಿ ನಿಲ್ಲಿಸಿಕೊಂಡು, ಕಣ್ಣೆದುರಿನ ಬೆಟ್ಟಗಳನ್ನೇ ತೋರಿಸುತ್ತ ಹಿಂದಿಯಲ್ಲಿ ಕೊಟ್ಟ ವಿವರಣೆ.

1999ರ ಮೇ ತಿಂಗಳಲ್ಲಿ ತೋಲೋಲಿಂಗ್ ನೆತ್ತಿಯ ಬಂಕರ್‌ಗಳಲ್ಲಿ ಕುಳಿತಿದ್ದ ಪಾಕಿಸ್ತಾನಿ ಪಡೆಗೆ ಹೆದ್ದಾರಿಯ ವಾಹನಗಳು ನೇರವಾಗಿ ಕಾಣುತ್ತಿದ್ದವು. ಫಿರಂಗಿ ಗುಂಡು ಎಲ್ಲಿ ಬೀಳಬೇಕೆಂಬ ಸೂಚನೆಯೂ ಆ ಎತ್ತರದಿಂದಲೇ ಹೋಗುತ್ತಿತ್ತು. ಲೇಹ್‌ಗೆ ದಿನಸಿ, ಮದ್ದುಗುಂಡು ಸಾಗುವ ಮುಖ್ಯ ದಾರಿ ಇದಾದ್ದರಿಂದ ಬೆಟ್ಟವನ್ನು ಮರಳಿ ಪಡೆಯದೆ ಬೇರೆ ಮಾರ್ಗವಿರಲಿಲ್ಲ. ಪುಸ್ತಕದಲ್ಲಿ ಇದನ್ನು ಓದಿದ್ದೆ, ಆದರೆ ಮರೆಗೆ ಒಂದು ಮರವೂ ಇಲ್ಲದ ಆ ಬೋಳು ಇಳಿಜಾರನ್ನು ತಲೆಯೆತ್ತಿ ನೋಡಿದಾಗಲೇ, ಮೇಲಿನಿಂದ ಗುಂಡು ಸುರಿಯುತ್ತಿರುವಾಗ ಕತ್ತಲಲ್ಲಿ ಅದನ್ನು ಹತ್ತುವುದೆಂದರೆ ಏನೆಂಬುದು ಅರ್ಥವಾಯಿತು. ನಮ್ಮ ಸೇನೆಯ 18 ಗ್ರೆನೇಡಿಯರ್ಸ್ ಎಂಬ ಪಡೆ ಹಲವು ಸಲ ಮೇಲೇರಲು ಹೋರಾಡಿತು. ಮೇಜರ್ ರಾಜೇಶ್ ಅಧಿಕಾರಿ ಪ್ರಾಣ ತೆತ್ತರು. ಕೊನೆಗೆ ಜೂನ್ 12ರ ರಾತ್ರಿ ದಾಳಿಗಿಳಿದ 2 ರಜಪೂತಾನಾ ರೈಫಲ್ಸ್ ಎಂಬ ಇನ್ನೊಂದು ಪಡೆ, ಮೇಜರ್ ವಿವೇಕ್ ಗುಪ್ತಾ ಸೇರಿದಂತೆ ತನ್ನ ಹಲವು ಯೋಧರನ್ನು ಕಳೆದುಕೊಂಡು, 13ರಂದು ಶಿಖರವನ್ನು ವಶಪಡಿಸಿಕೊಂಡಿತು. ಆ ಪಡೆಯನ್ನು ಮುನ್ನಡೆಸಿ ವೀರಚಕ್ರ ಪಡೆದ ಎಂ.ಬಿ. ರವೀಂದ್ರನಾಥ್ ಕನ್ನಡಿಗರು ಎಂಬುದನ್ನು ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಹೇಳಿಕೊಡಬೇಕು.

ಇದೇ ಯುದ್ಧದಲ್ಲಿ ಹುತಾತ್ಮರಾದ ಕ್ಯಾಪ್ಟನ್ ಮನೋಜ್ ಪಾಂಡೆ ಅವರ ಹೆಸರಿನ ಗ್ಯಾಲರಿಯಲ್ಲಿ ಚಿತ್ರಗಳನ್ನೂ ವಶಪಡಿಸಿಕೊಂಡ ಆಯುಧಗಳನ್ನೂ ಇಟ್ಟಿದ್ದಾರೆ, ಚೊಕ್ಕವಾಗಿದೆ. ಹುತಾತ್ಮರ ಹೆಸರುಗಳನ್ನು ಕೆತ್ತಿದ ಗೋಡೆಯ ಮುಂದೆ ಮಾತ್ರ ಯಾರೂ ಎತ್ತರದ ದನಿಯಲ್ಲಿ ಮಾತನಾಡಲಿಲ್ಲ.

ನನ್ನ ಬೇಸರವೆಲ್ಲ ನಮ್ಮನ್ನು ಕರೆದೊಯ್ದ ಪ್ರವಾಸ ಸಂಸ್ಥೆಯ ಮೇಲೆ. ಚಹಾ ವಿರಾಮವೂ ಸೇರಿ ಇಲ್ಲಿಗೆ ಅವರು ಇಟ್ಟಿದ್ದದ್ದು ಅರ್ಧ ಗಂಟೆ. ವಿವರಣೆ ನಡೆಯುತ್ತಿರುವಾಗಲೇ ಚಾಲಕ ಹಾರ್ನ್ ಮಾಡತೊಡಗಿದ. ನಾವು ಹಟ ಹಿಡಿದು ಎರಡು ಗಂಟೆ ನಿಂತೆವು. ಹೋಗುವವರು ಗಾಡಿ ಗೊತ್ತುಮಾಡುವಾಗಲೇ ಈ ಮಾತನ್ನು ಸ್ಪಷ್ಟಪಡಿಸಿಕೊಳ್ಳಿ. ಬೇಸಿಗೆಯಲ್ಲೂ ಗಾಳಿ ಕೊರೆಯುವುದರಿಂದ ಸ್ವೆಟರ್ ಇರಲಿ. ಮೊದಲು ವಿವರಣೆ ಕೇಳಿ, ಆಮೇಲೆ ಹೆಸರುಗಳ ಗೋಡೆಯ ಬಳಿಗೆ ಹೋಗಿ. ಆಗ ರಾಜೇಶ್ ಅಧಿಕಾರಿ, ವಿವೇಕ್ ಗುಪ್ತಾ ಎಂಬ ಹೆಸರುಗಳನ್ನು ನಿಮ್ಮ ಕಣ್ಣು ತಾನಾಗಿ ಹುಡುಕುತ್ತದೆ.