ನಾಲ್ಕು ಸಲ ಸರಿ, ಐದನೆಯದಕ್ಕೆ ಎಡವಟ್ಟು: ಪೋಸ್ಟ್‌ಗ್ರೆಸ್ ಜೆಡಿಬಿಸಿ ಡ್ರೈವರ್

ಜಾವಾದಿಂದ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮುಟ್ಟುವವರು ಬಹುಮಟ್ಟಿಗೆ ಬಳಸುವುದು ಎರಡನ್ನೂ ಬೆಸೆಯುವ ಪಿಜಿಜೆಡಿಬಿಸಿ ಡ್ರೈವರನ್ನೇ. ಉಚಿತ, ಒಂದೇ ಜಾರ್ ಫೈಲು, ನಂಬಬಹುದಾದ ಸರಕು. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಒಂದು ಕಳೆದದ್ದು ಡೀಫಾಲ್ಟ್‌ಗಳಿಗೆ, ಅಂದರೆ ನಾವು ಮುಟ್ಟದಿದ್ದರೆ ತಾನಾಗಿ ಇರುವ ಸೆಟ್ಟಿಂಗ್‌ಗಳಿಗೆ.

ಹೆಚ್ಚು ತಲೆ ತಿನ್ನುವುದು ಪ್ರಿಪೇರ್‌ಥ್ರೆಶೋಲ್ಡ್ ಎಂಬ ಸೆಟ್ಟಿಂಗ್. ಡೀಫಾಲ್ಟ್ 5. ಅಂದರೆ ಒಂದೇ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಬೆಲೆಗಳಿಗೆ ಜಾಗ ಬಿಟ್ಟು ಬರೆದ ಕ್ವೆರಿ) ಐದನೇ ಸಲ ಓಡುವಾಗ ಡ್ರೈವರ್ ಅದಕ್ಕೆ ಎಸ್_1, ಎಸ್_2 ಎಂದು ಹೆಸರಿಟ್ಟು ಸರ್ವರ್‌ನಲ್ಲೇ ಉಳಿಸುತ್ತದೆ. ನೇರ ಕನೆಕ್ಷನ್ ಆದರೆ ಇದು ಲಾಭವೇ. ನಡುವೆ ಹಳೆಯ ಪಿಜಿಬೌನ್ಸರ್ (ಕೆಲವೇ ಸರ್ವರ್ ಕನೆಕ್ಷನ್‌ಗಳನ್ನು ಹಲವು ಕ್ಲೈಂಟ್‌ಗಳಿಗೆ ಹಂಚುವ ಪೂಲರ್) ಟ್ರಾನ್ಸಾಕ್ಷನ್ ಮೋಡ್‌ನಲ್ಲಿ, ಅಂದರೆ ಒಂದು ಟ್ರಾನ್ಸಾಕ್ಷನ್ ಮುಗಿಯುವವರೆಗಷ್ಟೇ ಕನೆಕ್ಷನ್ ಕೊಡುವ ರೀತಿಯಲ್ಲಿ ಕೂತಿದ್ದರೆ ಮುಂದಿನ ಟ್ರಾನ್ಸಾಕ್ಷನ್ ಬೇರೆ ಸರ್ವರ್ ಕನೆಕ್ಷನ್‌ಗೆ ಹೋಗಬಹುದು. ಅಲ್ಲಿ ಆ ಹೆಸರಿನ ಪತ್ತೆಯೇ ಇರುವುದಿಲ್ಲ. ಎಸ್_1 ಇಲ್ಲ ಎಂಬ ಎರರ್ ಬರುತ್ತದೆ. ಬೇರೆ ಕ್ಲೈಂಟ್ ಮೊದಲೇ ಅದೇ ಹೆಸರಿಟ್ಟಿದ್ದರೆ, ಎಸ್_1 ಆಗಲೇ ಇದೆ ಎಂಬ ತದ್ವಿರುದ್ಧ ಎರರ್! ಲ್ಯಾಪ್‌ಟಾಪಿನಲ್ಲಿ ಕಾಣದ ಬಗ್ ಪ್ರೊಡಕ್ಷನ್‌ನಲ್ಲಿ ಆಗೊಮ್ಮೆ ಈಗೊಮ್ಮೆ ತಲೆ ಎತ್ತುವುದು ಹೀಗೆ.

ಪತ್ತೆ ಸುಲಭ. ಪಿಜಿಬೌನ್ಸರ್‌ನ ಪೋರ್ಟ್ 6432 ಬಿಟ್ಟು ನೇರವಾಗಿ ಪೋಸ್ಟ್‌ಗ್ರೆಸ್‌ನ 5432ಕ್ಕೆ ಕನೆಕ್ಟ್ ಮಾಡಿ. ಎರರ್ ಮಾಯವಾದರೆ ಕೈ ತೋರಿಸಬೇಕಾದ್ದು ಪೂಲರ್ ಕಡೆಗೆ. ಇನ್ನೂ ಅನುಮಾನವಿದ್ದರೆ ಡ್ರೈವರ್‌ನ ಲಾಗ್ ಮಟ್ಟವನ್ನು ಅತಿ ವಿವರದ ಫೈನೆಸ್ಟ್‌ಗೆ ಇಡಿ: ಕ್ವೆರಿ ಸರ್ವರ್‌ಗೆ ಹೋದದ್ದನ್ನು ತೋರಿಸುವ ಪಾರ್ಸ್ ಸಾಲಿನಲ್ಲಿ ಮೊದಲು ನಲ್ ಇದ್ದ ಜಾಗಕ್ಕೆ ಐದನೇ ಸಲ ಎಸ್_1 ಬಂದು ಕೂರುತ್ತದೆ. ಪ್ಯಾರಾಮೀಟರ್ ಬೆಲೆಗಳೂ ಆ ಲಾಗಿನಲ್ಲಿ ಬೀಳುತ್ತವೆ, ಗ್ರಾಹಕರ ಡೇಟಾ ಇರುವಲ್ಲಿ ಹುಷಾರು.

ಪಿಜಿಬೌನ್ಸರ್ 1.21 ಅಥವಾ ನಂತರದ್ದಾಗಿದ್ದರೆ ಅದರ ಮ್ಯಾಕ್ಸ್_ಪ್ರಿಪೇರ್ಡ್_ಸ್ಟೇಟ್‌ಮೆಂಟ್ಸ್ ಸೆಟ್ಟಿಂಗ್‌ಗೆ 200 ಕೊಟ್ಟರೆ ಸಾಕು. ಹಳೆಯದಾದರೆ ಡ್ರೈವರ್ ಕಡೆ ಪ್ರಿಪೇರ್‌ಥ್ರೆಶೋಲ್ಡ್ 0 ಮಾಡಿ, ಹೆಸರಿಡುವುದೇ ನಿಲ್ಲುತ್ತದೆ. ಡ್ರೈವರ್‌ನ ಕ್ವೆರಿ ಮೋಡ್ ಅನ್ನು ಸಿಂಪಲ್‌ಗೆ (ಬೆಲೆಗಳನ್ನು ಕ್ವೆರಿಯ ಪಠ್ಯದಲ್ಲೇ ಸೇರಿಸಿ ಕಳಿಸುವ ರೀತಿ) ಬದಲಿಸಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಅದು ಬೇಡ: 2024ರಲ್ಲಿ ಹೊರಬಿದ್ದ ಎಸ್‌ಕ್ಯೂಎಲ್ ಇಂಜೆಕ್ಷನ್ (ಕ್ವೆರಿಯೊಳಗೆ ಹೊರಗಿನವರು ತಮ್ಮ ಕಮಾಂಡ್ ತೂರಿಸುವ) ಲೋಪ ಇದ್ದದ್ದು ಆ ಮೋಡ್‌ನಲ್ಲೇ. ನಿಮ್ಮ ಡ್ರೈವರ್ ಆವೃತ್ತಿ 42.7ರ ಸಾಲಿನಲ್ಲಿದ್ದರೆ 42.7.2ಕ್ಕಿಂತ ಹಿಂದಿನದನ್ನು ಇಟ್ಟುಕೊಳ್ಳಬೇಡಿ.

ದೊಡ್ಡ ಟೇಬಲ್ ಓದುವಾಗ ಮೆಮೊರಿ ತುಂಬಿ ಪ್ರೋಗ್ರಾಂ ಬಿದ್ದರೆ ಫೆಚ್‌ಸೈಜ್, ಅಂದರೆ ಒಂದು ಸಲಕ್ಕೆ ತರುವ ಸಾಲುಗಳ ಸಂಖ್ಯೆ ನೋಡಿ. ಡೀಫಾಲ್ಟ್ ಆಗಿ ಡ್ರೈವರ್ ಎಲ್ಲ ಸಾಲುಗಳನ್ನೂ ಒಮ್ಮೆಲೇ ಹೊತ್ತು ತರುತ್ತದೆ. 1000 ಎಂದು ಕೊಟ್ಟರೂ ಆಟೋಕಮಿಟ್ (ಪ್ರತಿ ಕಮಾಂಡನ್ನೂ ತಾನಾಗಿ ಕಾಯಂ ಮಾಡುವುದು) ಆನ್ ಇದ್ದರೆ ಅದು ಲೆಕ್ಕಕ್ಕಿಲ್ಲ, ಎಚ್ಚರಿಕೆಯ ಒಂದು ಮಾತೂ ಇಲ್ಲ. ಅಂಕ ಕಳೆದದ್ದು ಮುಖ್ಯವಾಗಿ ಇದಕ್ಕೇ.

ಸರ್ವರ್‌ನ ಉತ್ತರಕ್ಕೆ ಎಷ್ಟು ಕಾಯಬೇಕೆಂಬ ಸಾಕೆಟ್ ಟೈಮ್‌ಔಟ್ ಕೂಡ ಡೀಫಾಲ್ಟ್ ಆಗಿ 0, ಅಂದರೆ ಕೊನೆಯಿಲ್ಲದ ಕಾಯುವಿಕೆ. ನಡುವಿನ ಫೈರ್‌ವಾಲ್ ಸದ್ದಿಲ್ಲದೆ ಕನೆಕ್ಷನ್ ಕತ್ತರಿಸಿದರೆ ಥ್ರೆಡ್ ಅಲ್ಲೇ ಕಲ್ಲಾಗುತ್ತದೆ. ನಿಮ್ಮ ಅತಿ ನಿಧಾನದ ಕ್ವೆರಿಗಿಂತ ತುಸು ಹೆಚ್ಚು ಸೆಕೆಂಡು ಕೊಡಿ. ಕಡಿಮೆ ಕೊಟ್ಟರೆ ತಿಂಗಳ ಕೊನೆಯ ರಿಪೋರ್ಟೇ ಮೊದಲು ಸಾಯುವುದು.