ಪ್ರಿಂಟರ್ ‘ಆಫ್‌ಲೈನ್’ ಅಂತ ತೋರಿಸಿದ ಮಾತ್ರಕ್ಕೆ ಬೋರ್ಡ್ ಬದಲಿಸಲು ಒಪ್ಪಬೇಡಿ

ಆಫೀಸಿನ ನಾಲ್ಕು ಕಂಪ್ಯೂಟರಿಗೂ ಒಂದೇ ಲೇಸರ್ ಪ್ರಿಂಟರ್, ರೂಟರಿಗೆ ಲ್ಯಾನ್ ಕೇಬಲ್ಲಿನಲ್ಲಿ ಸೇರಿದೆ. ಕೆಲವು ದಿನ ಸಂಜೆವರೆಗೂ ಸಲೀಸಾಗಿ ನಡೆಯುತ್ತೆ, ಕೆಲವು ದಿನ ಬೆಳಗ್ಗೆಯೇ ‘ಆಫ್‌ಲೈನ್’. ಇದಕ್ಕೆ ₹7,800 ಕೊಟ್ಟು ಪ್ರಿಂಟರಿಗೆ ಹೊಸ ಲ್ಯಾನ್ ಬೋರ್ಡ್ (ಲ್ಯಾನ್ ಕೇಬಲ್ ಸೇರುವ ಸರ್ಕ್ಯೂಟ್) ಹಾಕಿಸಿದ್ದಾಯಿತು, ವಿಸಿಟಿಂಗ್ ಚಾರ್ಜ್ ₹500 ಬೇರೆ. ಬೋರ್ಡಿಗೆ ಏನೂ ಆಗಿರಲಿಲ್ಲ. ಏನೂ ಆಗಿರಲಿಲ್ಲ! ತಪ್ಪಿದ್ದದ್ದು ಪ್ರಿಂಟರ್ ಕೂರಿಸಿದ ದಿನ ಅದೇ ಸರ್ವಿಸ್‌ನವನು ಹಾಕಿಹೋದ ಐಪಿ ನಂಬರಿನಲ್ಲಿ, ಅಂದರೆ ನೆಟ್‌ವರ್ಕಿನಲ್ಲಿ ಪ್ರಿಂಟರಿನ ವಿಳಾಸದಲ್ಲಿ.

“ಲ್ಯಾನ್ ಬೋರ್ಡ್ ವೀಕ್ ಆಗಿದೆ ಸರ್, ಬಿಸಿಯಾದಾಗ ಕಟ್ ಆಗುತ್ತೆ” ಅಂದ. ಬಿಸಿಯಾದಾಗ ಕೈಕೊಡುವ ಬೋರ್ಡು ಬೆಳಗ್ಗೆ ತಣ್ಣಗಿರುವಾಗಲೇ ಏಕೆ ಕೈಕೊಡುತ್ತೆ? ಆ ಪ್ರಶ್ನೆ ಆಗ ಹೊಳೆಯಲಿಲ್ಲ. ಈಗಲೂ ಹೊಟ್ಟೆ ಉರಿಯೋದು ಅದಕ್ಕೇ.

ಬೋರ್ಡ್ ಹಾಕಲು ಅಂಗಡಿಗೆ ಒಯ್ದ ಪ್ರಿಂಟರನ್ನು ಶನಿವಾರ ಸಂಜೆ ವಾಪಸ್ ತಂದವನು ತನ್ನ ಲ್ಯಾಪ್‌ಟಾಪಿಗೆ ಯುಎಸ್‌ಬಿ ಚುಚ್ಚಿ ಒಂದು ಟೆಸ್ಟ್ ಪೇಜ್ ತೆಗೆದ. “ಬಂತಲ್ಲ ಸರ್.” ದುಡ್ಡು ಎಣಿಸಿಕೊಂಡು ಹೋದ. ಯುಎಸ್‌ಬಿಯಲ್ಲಿ ಹಾಳೆ ಬಂದರೆ ಲ್ಯಾನ್ ಸರಿಯಾಯಿತು ಅಂತ ಹೇಗಾಗುತ್ತೆ? ಪ್ರಿಂಟರಿನ ಮೇಲಿನ ಬಟನ್ ಒತ್ತಿ ತೆಗೆದ ಪೇಜೂ ಅಷ್ಟೇ, ನೆಟ್‌ವರ್ಕನ್ನು ಅದು ಮುಟ್ಟೋದೇ ಇಲ್ಲ. ಮಂಗಳವಾರ ಮತ್ತೆ ಆಫ್‌ಲೈನ್. ಫೋನ್ ಮಾಡಿದರೆ “ವಿಂಡೋಸ್ ಅಪ್‌ಡೇಟ್ ಆಗಿರಬೇಕು”. ಮರುದಿನ “ರೂಟರ್ ಹಳೇದು ಸರ್, ಬದಲಿಸಿ, ನನ್ನ ಹತ್ರಾನೇ ಒಂದಿದೆ”.

ಆಮೇಲೆ ಮಾಡಿದ ಪರೀಕ್ಷೆ ಎರಡು ನಿಮಿಷದ್ದು. ಪ್ರಿಂಟರಿನ ಹಿಂದಿಂದ ಲ್ಯಾನ್ ಕೇಬಲ್ ಕಿತ್ತು ಕೈಯಲ್ಲಿ ಹಿಡಿದು, ಕಂಪ್ಯೂಟರಿನಿಂದ 192.168.1.20ಕ್ಕೆ ಪಿಂಗ್, ಅಂದರೆ ‘ಇದ್ದೀಯಾ?’ ಅಂತ ಕೇಳೋ ಕಮಾಂಡ್. ಆ ನಂಬರು ಪ್ರಿಂಟರಿನದು, ಉತ್ತರ ಬರಲೇಬಾರದು. ಬಂತು! 140 ಮಿಲಿಸೆಕೆಂಡ್, 95, 210. ಕೇಬಲ್ ಇನ್ನೂ ಕೈಯಲ್ಲೇ ಇದೆ. ಲ್ಯಾನ್‌ನಲ್ಲಿರುವ ಪ್ರಿಂಟರ್ 1–2 ಮಿಲಿಸೆಕೆಂಡಿನಲ್ಲಿ ಉತ್ತರಿಸುತ್ತೆ. ಇಷ್ಟು ಎಳೆದಾಡಿ ಉತ್ತರಿಸೋದು ಸಾಮಾನ್ಯವಾಗಿ ವೈಫೈನಲ್ಲಿ ಅರೆನಿದ್ದೆಯಲ್ಲಿರುವ ಮೊಬೈಲು. ಯಾವ ಐಪಿ ಯಾವ ಸಾಧನದ್ದು ಅಂತ ತೋರಿಸುವ ‘ಆರ್ಪ್ -ಎ’ (arp -a) ಕಮಾಂಡ್ ಹೊಡೆದರೆ ಆ ಐಪಿಯ ಎದುರಿಗಿದ್ದ ಮ್ಯಾಕ್ ಅಡ್ರೆಸ್ಸಿಗೂ (ಸಾಧನದ ನೆಟ್‌ವರ್ಕ್ ಗುರುತು) ಪ್ರಿಂಟರಿನ ಕಾನ್ಫಿಗರೇಷನ್ ಪೇಜಿನಲ್ಲಿದ್ದದ್ದಕ್ಕೂ ಸಂಬಂಧವೇ ಇಲ್ಲ. ಆ ಮ್ಯಾಕ್‌ನ ಎರಡನೇ ಅಕ್ಷರ ‘ಇ’ (E). ಆ ಜಾಗದಲ್ಲಿ 2, 6, ಎ (A) ಅಥವಾ ಇ (E) ಇದ್ದರೆ ಸಾಮಾನ್ಯವಾಗಿ ಅದು ಮೊಬೈಲ್ ತಾನೇ ಹುಟ್ಟಿಸಿಕೊಂಡ ಮ್ಯಾಕ್. ಸಿಬ್ಬಂದಿಯೊಬ್ಬರ ಫೋನು.

ನಡೆದದ್ದು ಇಷ್ಟೇ. ರೂಟರ್ 192.168.1.2ರಿಂದ 254ರವರೆಗಿನ ನಂಬರುಗಳನ್ನು ಬಂದವರಿಗೆಲ್ಲ ಹಂಚುತ್ತೆ. ಸರ್ವಿಸ್‌ನವನು ಪ್ರಿಂಟರಿಗೆ ಕೈಯಾರೆ 20 ಅಂತ ಹಾಕಿದ, ಆದರೆ ರೂಟರಿಗೆ ಅದು ಗೊತ್ತೇ ಇಲ್ಲ. ರಾತ್ರಿ ಪ್ರಿಂಟರ್ ಆಫ್. ಬೆಳಗ್ಗೆ ಪ್ರಿಂಟರ್ ಹಾಕುವ ಮೊದಲೇ ಆ ಫೋನು ವೈಫೈಗೆ ಸೇರಿದರೆ 20 ಖಾಲಿ ಕಾಣುತ್ತೆ, ಫೋನಿಗೆ ಸಿಗುತ್ತೆ. ಪ್ರಿಂಟ್ ಕೆಲಸ ಫೋನಿನ 9100 ಪೋರ್ಟ್ (ಪ್ರಿಂಟರುಗಳು ಕೆಲಸ ಪಡೆಯುವ ಬಾಗಿಲು) ತಟ್ಟಿ ವಾಪಸ್ ಬರುತ್ತೆ. ಫೋನಿನವರು ಊಟಕ್ಕೆ ಹೊರಗೆ ಹೋದರೆ ಸ್ವಲ್ಪ ಹೊತ್ತಿಗೆ ಪ್ರಿಂಟರ್ ತಾನಾಗಿ ಸರಿ!

ಸರಿಪಡಿಸಲು ಒಂದು ರೂಪಾಯಿ ಬೇಡ. ರೂಟರಿನ ಡಿಎಚ್‌ಸಿಪಿ ಪುಟದಲ್ಲಿ ಹಂಚುವ ನಂಬರುಗಳನ್ನು 100ರಿಂದ 200 ಅಂತ ಮಾಡಿ, ರೂಟರ್ ಆಫ್ ಮಾಡಿ ಆನ್ ಮಾಡಿ, ಫೋನುಗಳ ವೈಫೈ ಕಡಿದು ಮತ್ತೆ ಸೇರಿಸಿ. 20 ಪ್ರಿಂಟರಿಗೇ ಉಳಿಯುತ್ತೆ. ಇಲ್ಲವಾದರೆ ಪ್ರಿಂಟರಿನ ಐಪಿ ಸೆಟ್ಟಿಂಗನ್ನು ‘ಆಟೋ’ (ರೂಟರ್ ಕೊಟ್ಟ ನಂಬರನ್ನೇ ತಗೊಳ್ಳುವುದು) ಅಂತಿಟ್ಟು, ಅದರ ಮ್ಯಾಕ್‌ಗೆ ರೂಟರಿನಲ್ಲೇ ಒಂದು ನಂಬರ್ ರಿಸರ್ವ್ ಮಾಡಿ. ಆಟೋ ಅಂತ ಸುಮ್ಮನೆ ಬಿಟ್ಟರೆ ನಂಬರ್ ಬದಲಾದ ದಿನ ಮತ್ತೆ ಅದೇ ಗೋಳು.

ಹಾಗೇ ಪ್ರತಿ ಕಂಪ್ಯೂಟರಿನಲ್ಲೂ ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್ ನೋಡಿ. ‘ಡಬ್ಲ್ಯುಎಸ್‌ಡಿ’ (ವಿಂಡೋಸ್ ಪ್ರಿಂಟರನ್ನು ತಾನೇ ಹುಡುಕಿಕೊಳ್ಳುವ ಪೋರ್ಟ್) ಅಂತಿದ್ದರೆ ಅದನ್ನು ಬಿಟ್ಟು, ಐಪಿ ನಂಬರ್ ಕೊಟ್ಟು ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಸೇರಿಸಿ. ಕಾನ್ಫಿಗರ್ ಪೋರ್ಟ್ ಒಳಗೆ ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ (ಪ್ರಿಂಟರಿನ ಸ್ಥಿತಿ ವಿಚಾರಿಸುವ ವ್ಯವಸ್ಥೆ) ಟಿಕ್ ತೆಗೆಯಿರಿ. ಆ ವಿಚಾರಣೆಗೆ ಪ್ರಿಂಟರ್ ಉತ್ತರಿಸದಿದ್ದರೆ, ಚೆನ್ನಾಗಿರುವ ಪ್ರಿಂಟರನ್ನೂ ವಿಂಡೋಸ್ ಆಫ್‌ಲೈನ್ ಅನ್ನುತ್ತೆ.

ಮತ್ತೊಂದು, ಪ್ರಿಂಟರನ್ನು ಸರ್ವಿಸ್‌ನವರ ಅಂಗಡಿಗೆ ಒಯ್ಯಲು ಬಿಡಬೇಡಿ. ಅಲ್ಲಿ ನಿಮ್ಮ ರೂಟರೂ ಇಲ್ಲ, ಆ ಫೋನೂ ಇಲ್ಲ. ಏನೂ ಮಾಡದಿದ್ದರೂ ಅಲ್ಲಿ ಪ್ರಿಂಟ್ ಬರುತ್ತೆ. ಬೋರ್ಡ್ ಬಿಚ್ಚುವ ಮೊದಲು ಕೇಬಲ್ ಕಿತ್ತು ಪಿಂಗ್ ಮಾಡಿಸಿ, ನಿಮ್ಮ ಕಣ್ಣೆದುರಿಗೇ.

ಇದನ್ನೆಲ್ಲ ಸ್ಕ್ರೀನ್‌ಶಾಟ್ ಸಮೇತ ಸರ್ವಿಸ್‌ನವನಿಗೆ ಕಳಿಸಿ, ಹಳೇ ಬೋರ್ಡ್ ವಾಪಸ್ ಕೊಡಿ ಅಂತ ಕೇಳಿದರೆ ಬಂದ ಉತ್ತರ: “ಅದು ಸ್ಕ್ರ್ಯಾಪಿಗೆ ಹೋಯ್ತು ಸರ್. ಐಪಿ ಸೆಟ್ಟಿಂಗ್ ವಾರಂಟಿಯಲ್ಲಿ ಬರಲ್ಲ.”