ಹಲ್ಲಿನ ಬೇರಿನ ಕೀವಿಗೆ ಗುಳಿಗೆಯೊಂದನ್ನೇ ನಂಬಬೇಡಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ ಕಡೆಯ ನಮ್ಮ ಮನೆಗಳಲ್ಲಿ ಹಲ್ಲುನೋವಿಗೆ ಆಂಟಿಬಯಾಟಿಕ್ ನುಂಗಿ ಸುಮ್ಮನಾಗುವ ಅಭ್ಯಾಸ ಎಷ್ಟು ಬೇರೂರಿದೆಯೆಂದರೆ, ಅದರಿಂದ ಪ್ರಾಣಕ್ಕೇ ಕುತ್ತು ಬಂದೀತೆಂದು ಹೇಳಿದರೆ ಯಾರೂ ನಂಬುವುದಿಲ್ಲ. ಕಳೆದ ಅಡಿಕೆ ಕೊಯ್ಲಿನ ಹೊತ್ತಿಗೆ ನನ್ನ ಸೋದರಮಾವನಿಗೆ ಆದದ್ದನ್ನು ಹತ್ತಿರದಿಂದ ಕಂಡಿದ್ದರಿಂದ, ಇನ್ನೊಬ್ಬರಿಗೆ ಹಾಗಾಗದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ಮಾವನ ಕೆಳದವಡೆಯ ಹಿಂಬದಿಯ ಹಲ್ಲೊಂದು ಬಹುಕಾಲದಿಂದ ಹುಳುಕಾಗಿತ್ತು. ರಾತ್ರಿ ನಿದ್ದೆಗೆಡಿಸುವ ನೋವು ಬಂದಾಗ ಪೇಟೆಯ ಒಂದು ಔಷಧ ಅಂಗಡಿಯವರು, ಹಿಂದೆಂದೋ ಬೇರೆ ತೊಂದರೆಗೆ ವೈದ್ಯರು ಬರೆದಿದ್ದ ಚೀಟಿಯನ್ನೇ ನೋಡಿ ಅಮಾಕ್ಸಿಸಿಲಿನ್ ಮತ್ತು ಮೆಟ್ರೊನಿಡಜೋಲ್ ಎಂಬ ಆಂಟಿಬಯಾಟಿಕ್ ಗುಳಿಗೆಗಳನ್ನು ಕೊಟ್ಟು ಕಳುಹಿಸಿದರು. ಗುಳಿಗೆಯ ಹಾಳೆಯ ಅಂಚಿನಲ್ಲಿ ಉದ್ದಕ್ಕೂ ಕೆಂಪು ಗೆರೆಯಿತ್ತು. ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದೆಂಬುದೇ ಅದರ ಅರ್ಥ. ಚೀಟಿಯಿಲ್ಲದೆ ಆಂಟಿಬಯಾಟಿಕ್ ಮಾರುವವರನ್ನು ಹಿಡಿಯಲು ಕೇರಳದ ಔಷಧ ನಿಯಂತ್ರಣ ಇಲಾಖೆ 2024ರಲ್ಲಿ ‘ಆಪರೇಷನ್ ಅಮೃತ್’ ಎಂಬ ತಪಾಸಣೆಯನ್ನೂ ಆರಂಭಿಸಿತ್ತು. ಆದರೆ ಕೈಯಲ್ಲಿ ಹಳೆಯ ಚೀಟಿಯೊಂದಿದ್ದರೆ ಕೇಳುವವರು ಯಾರು?

ನೋವು ಇಳಿಯಿತು. ಕೆಟ್ಟದ್ದು ಆರಂಭವಾದದ್ದೇ ಅಲ್ಲಿಂದ, ಏಕೆಂದರೆ ಹಲ್ಲು ಗುಣವಾಯಿತೆಂದು ಮಾವ ನಂಬಿದರು. ಹುಳುಕು ಆಳಕ್ಕಿಳಿದಾಗ ಹಲ್ಲಿನೊಳಗಿನ ತಿರುಳು, ಅಂದರೆ ನರ ಮತ್ತು ರಕ್ತನಾಳಗಳಿರುವ ಮೃದುಭಾಗ, ಮೊದಲು ಊದಿಕೊಂಡು ವಿಪರೀತ ನೋಯುತ್ತದೆ, ಕೊನೆಗೆ ಸತ್ತುಹೋಗುತ್ತದೆ. ಸತ್ತ ಮೇಲೆ ಆ ನೋವು ತಾನಾಗಿಯೇ ನಿಲ್ಲುತ್ತದೆ. ಗುಳಿಗೆ ನುಂಗಿದ್ದರೂ ನಿಲ್ಲುತ್ತದೆ, ನುಂಗದಿದ್ದರೂ ನಿಲ್ಲುತ್ತದೆ. ಕೀರ್ತಿ ಮಾತ್ರ ಗುಳಿಗೆಗೆ ಸಲ್ಲುತ್ತದೆ. ತಿರುಳು ಊದಿಕೊಂಡಿರುವ ಹಂತದ ನೋವನ್ನು ಆಂಟಿಬಯಾಟಿಕ್ ಕಡಿಮೆ ಮಾಡುವುದೂ ಇಲ್ಲ.

ಸತ್ತ ತಿರುಳಿನಲ್ಲಿ ರಕ್ತ ಹರಿಯುವುದಿಲ್ಲ. ನುಂಗಿದ ಔಷಧವಾಗಲಿ, ಚುಚ್ಚಿಸಿಕೊಂಡ ಔಷಧವಾಗಲಿ ರಕ್ತದ ಮೂಲಕವೇ ಸೋಂಕಿನ ಜಾಗವನ್ನು ತಲುಪಬೇಕಾದ್ದರಿಂದ, ಬೇರಿನ ನಾಳದೊಳಗೆ ಗೋಡೆಗಂಟಿ, ಪದರುಕಟ್ಟಿ ಕುಳಿತ ಬ್ಯಾಕ್ಟೀರಿಯಾಗಳನ್ನು ಅದು ಮುಟ್ಟುವುದೇ ಇಲ್ಲವೆನ್ನಬಹುದು. ಬೇರಿನ ತುದಿಯಿಂದ ಹೊರಗೆ, ಎಲುಬು ಮತ್ತು ಮಾಂಸದ ಕಡೆಗೆ ಹರಡಿದ ಸೋಂಕನ್ನು ಔಷಧ ಕೆಲಕಾಲ ಹತ್ತಿಕ್ಕಬಲ್ಲದು. ತೋಟದ ಬೇಲಿ ದಾಟಿ ಬಂದ ಹಂದಿಗಳನ್ನು ಓಡಿಸಿ, ಬೇಲಿಯ ಕಂಡಿಯನ್ನು ಹಾಗೆಯೇ ಬಿಟ್ಟಂತಾಯಿತು ಇದು. ರೂಟ್ ಕೆನಾಲ್ ಮಾಡಿ ನಾಳವನ್ನು ಸ್ವಚ್ಛಗೊಳಿಸಿ ಮುಚ್ಚಬೇಕು, ಇಲ್ಲವೇ ಹಲ್ಲನ್ನೇ ಕೀಳಬೇಕು, ಮೂರನೆಯ ದಾರಿಯಿಲ್ಲ. ಅಮೆರಿಕದ ದಂತವೈದ್ಯರ ಸಂಘವು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ, ಆರೋಗ್ಯವಂತ ವಯಸ್ಕರಲ್ಲಿ ಇಂಥ ಚಿಕಿತ್ಸೆ ಒಡನೆ ಸಿಗುವಂತಿದ್ದರೆ ಹೆಚ್ಚಿನ ಸಂದರ್ಭಗಳಲ್ಲಿ ಆಂಟಿಬಯಾಟಿಕ್ ಬೇಡವೆನ್ನುತ್ತದೆ; ಜ್ವರ, ಸುಸ್ತು ಮುಂತಾದ ಲಕ್ಷಣಗಳಿಂದ ಸೋಂಕು ಮೈಗೆ ಹರಡುತ್ತಿರುವುದು ಕಂಡರೆ ಮಾತ್ರ ಕೊಡಬೇಕೆನ್ನುತ್ತದೆ.

ಮಾವನಿಗೆ ಇದನ್ನೆಲ್ಲ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಕೊಯ್ಲು ಮುಗಿಯಲೆಂದು ಕಾದರು. ಮತ್ತೆ ನೋವು ಬಂದಾಗ ಉಳಿದಿದ್ದ ಗುಳಿಗೆಗಳನ್ನೇ ನುಂಗಿದರು, ಮುಗಿದಾಗ ಅದೇ ಅಂಗಡಿಯಿಂದ ಪುನಃ ತರಿಸಿದರು. ಹೀಗೆ ಅರೆಬರೆ ಸೇವಿಸುವುದರಿಂದ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಷ್ಟೇ ಉಳಿದು ಬೆಳೆಯಲು ಎಡೆಯಾಗುತ್ತದೆ. ಅವರಿಗೆ ಸಕ್ಕರೆ ಕಾಯಿಲೆಯೂ ಇತ್ತು. ಹತೋಟಿಯಲ್ಲಿಲ್ಲದ ಸಕ್ಕರೆ ಸೋಂಕು ಹರಡಲು ಸಹಾಯ ಮಾಡುತ್ತದೆ.

ಒಂದು ಬೆಳಿಗ್ಗೆ ನೋಡುವಾಗ ದವಡೆಯ ಕೆಳಗೆ ಎರಡೂ ಬದಿಗೆ ಬಾವು ಬಂದಿತ್ತು. ಮುಟ್ಟಿದರೆ ಹಲಗೆಯಂತೆ ಗಟ್ಟಿ. ಬಾಯಿ ಒಂದು ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ, ನಾಲಿಗೆ ಮೇಲಕ್ಕೆ ತಳ್ಳಲ್ಪಟ್ಟಿತ್ತು, ಎಂಜಲು ನುಂಗಲಾಗದೆ ಹೆಗಲ ಬೈರಾಸಿನಲ್ಲಿ ಒರೆಸಿಕೊಳ್ಳುತ್ತ ಕುಳಿತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ತಲಪಾಡಿ ದಾಟಿ ಮಂಗಳೂರು ತಲುಪುವವರೆಗೆ ಕಾರಿನಲ್ಲಿದ್ದ ನಾವು ಯಾರೂ ಮಾತನಾಡಲಿಲ್ಲ.

ಆಸ್ಪತ್ರೆಯಲ್ಲಿ ಇದನ್ನು ಲುಡ್ವಿಗ್ಸ್ ಆಂಜೈನಾ, ಅಂದರೆ ಬಾಯಿಯ ತಳದಲ್ಲಿ ವೇಗವಾಗಿ ಹರಡುವ ಸೋಂಕು ಎಂದರು. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ವಿವರಿಸಿದ ರೋಗವಿದು. ಆಂಜೈನಾ ಎಂದ ಮಾತ್ರಕ್ಕೆ ಹೃದಯಕ್ಕೆ ಸಂಬಂಧಿಸಿದ್ದಲ್ಲ. ಕೆಳದವಡೆಯ ಹಿಂಬದಿಯ ಹಲ್ಲುಗಳ ಬೇರಿನ ತುದಿ ಬಾಯಿಯ ತಳದ ಸ್ನಾಯು ಅಂಟಿಕೊಂಡಿರುವ ಗೆರೆಗಿಂತಲೂ ಕೆಳಗಿರುವುದರಿಂದ, ಅಲ್ಲಿಯ ಸೋಂಕು ವಸಡಿನ ಕಡೆಗೆ ಬಾರದೆ ನೇರವಾಗಿ ಕುತ್ತಿಗೆಯ ಕಡೆಗೆ ಇಳಿಯಬಲ್ಲದು. ಉಸಿರಾಟಕ್ಕೆ ನಳಿಕೆ ಹಾಕಿ, ಗದ್ದದ ಕೆಳಗೆ ಕೊಯ್ದು ಕೀವು ಹರಿಸಿ, ಹಲ್ಲನ್ನು ಕಿತ್ತರು. ರಕ್ತನಾಳದ ಮೂಲಕ ಆಂಟಿಬಯಾಟಿಕ್ ಅಲ್ಲಿಯೂ ಕೊಟ್ಟರು, ಕೊಡಲೇಬೇಕಿತ್ತು. ಮೂಲವನ್ನು ತೆಗೆದ ಬಳಿಕ ಅದೇ ಬಗೆಯ ಔಷಧ ಕೆಲಸ ಮಾಡಿತು. ಮಾವ ಉಳಿದರು. ಮೊದಲ ದಿನವೇ ಹಲ್ಲು ಕೀಳಿಸಿದ್ದರೆ ಆಗುತ್ತಿದ್ದ ಖರ್ಚನ್ನು ತೀವ್ರ ನಿಗಾ ಘಟಕದ ಬಿಲ್ಲಿನ ಪಕ್ಕದಲ್ಲಿಟ್ಟು ನೋಡಲು ನನಗೆ ಮನಸ್ಸಾಗಲಿಲ್ಲ.

ನೋವು ಹೋದ ಹಲ್ಲು ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ, ಬಣ್ಣ ಕಂದಿದ್ದರೆ, ಪಕ್ಕದ ವಸಡಿನಲ್ಲಿ ಆಗಾಗ ಒಡೆದು ಕೀವು ಬರುವ ಸಣ್ಣ ಗುಳ್ಳೆಯಿದ್ದರೆ, ನೋವಿಲ್ಲದ ಈಗಲೇ ಎಕ್ಸ್‌ರೇ ತೆಗೆಸಿ. ದವಡೆಯ ಕೆಳಗೆ ಬಾವು, ಜ್ವರ, ಬಾಯಿ ತೆರೆಯಲಾಗದಿರುವುದು, ನುಂಗಲು ಕಷ್ಟ, ದನಿ ಬದಲಾಗುವುದು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ, ಔಷಧ ಅಂಗಡಿಯತ್ತ ತಿರುಗದೆ, ರಾತ್ರಿಯೂ ಶಸ್ತ್ರಚಿಕಿತ್ಸಕರು ಮತ್ತು ಅರಿವಳಿಕೆ ತಜ್ಞರು ಸಿಗುವ ಆಸ್ಪತ್ರೆಗೆ ಕರೆದೊಯ್ಯಿರಿ.